ದಿನಕ್ಕೊಂದು ಹೆಸರು

ರೇನ್‌ಕೋಟನ್ನು ನಾನು ಪ್ರತಿ ವರ್ಷ ಮಿರಗದ, ಎಂದರೆ ಮೃಗಶಿರಾ ಮಳೆಗೆ ನಾಲ್ಕು ದಿನ ಮೊದಲೇ ಹೊರಗೆ ತೆಗೆಯುತ್ತೇನೆ. ಒರೆಸಿ, ಗುಂಡಿಗಳನ್ನು ನೋಡಿ, ಒಂದು ತಾಸು ಬಿಸಿಲಿಗೆ ಹಾಕಿ, ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕುತ್ತೇನೆ. ಈ ವರ್ಷವೂ ಹಾಗೆಯೇ ಮಾಡಿದೆ. ನುಸಿಗುಳಿಗೆಯ ವಾಸನೆ, ಹಳೆಯ ರಬ್ಬರಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಒಳಜೇಬಿಗೆ ಕೈ ಹಾಕಿದಾಗ ನಾಲ್ಕು ಮಡಿಕೆಯ ಒಂದು ಚೀಟಿ ಸಿಕ್ಕಿತು. ಮಳೆಯಲ್ಲಿ ತೊಯ್ದು ಒಣಗಿದ ಚೀಟಿ. ಶಾಯಿ ಹರಡಿತ್ತು, ಆದರೆ ಅಕ್ಷರ ನನ್ನದೇ. 'ತೂಕಡಿಸುವ ತಂಬಿಗೆ' ಎಂದಿತ್ತು.

ಜೇಬು ಖಾಲಿ ಮಾಡದೆ ಕೋಟನ್ನು ಪೆಟ್ಟಿಗೆಗೆ ಹಾಕುವವಳಲ್ಲ ನಾನು. ಹೋದ ವರ್ಷ ಮಾತ್ರ ಆ ಕ್ರಮ ತಪ್ಪಿತ್ತು. ಇದೊಂದರಿಂದಲೇ ಹೋದ ವರ್ಷದ ಮಳೆಗಾಲ ನಮ್ಮ ಮನೆಯಲ್ಲಿ ಹೇಗೆ ಕಳೆಯಿತು ಎಂದು ತಿಳಿಯಬಹುದು.

ನಾನು ಮೂವತ್ತನಾಲ್ಕು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಕೊನೆಯ ಹನ್ನೊಂದು ವರ್ಷ ಹೆರಿಗೆ ವಾರ್ಡಿನ ಇನ್‌ಚಾರ್ಜ್. ನಿವೃತ್ತಿಯಾಗಿ ಕಲಘಟಗಿಯ ಈ ಮನೆಗೆ ಬಂದ ಮೇಲೂ ಐದಕ್ಕೆ ಏಳುವುದು, ಐದೂವರೆಗೆ ಅಂಗಳ, ಆರಕ್ಕೆ ಚಹಾ, ಏಳರೊಳಗೆ ಸ್ನಾನ, ಇವು ಬದಲಾಗಿಲ್ಲ. ಓಣಿಯ ಗಡಿಯಾರಗಳೆಲ್ಲ ನನ್ನನ್ನು ನೋಡಿ ನಡೆಯುತ್ತವೆ ಎಂದು ಬಾಜು ಮನೆಯ ರಝಿಯಾ ಚೇಷ್ಟೆ ಮಾಡುತ್ತಾಳೆ. ಅವಳದು ಹೊಲಿಗೆ ಕೆಲಸ. ಮೆಷಿನ್ನು ಅವಳ ಪಡಸಾಲೆಯಲ್ಲಿ, ಮಾತು ನನ್ನ ಅಂಗಳದಲ್ಲಿ.

ಗೌರಿ ನನ್ನ ತಂಗಿಯ ಮಗಳು. ತಂಗಿ ಬೇಗ ಹೋದಳು. ಗೌರಿ ಬೆಳೆದದ್ದು ನನ್ನ ಕೈಯಲ್ಲಿ, ನನ್ನ ಡ್ಯೂಟಿಯ ವೇಳೆಗಳ ನಡುವೆ. ನಾನು ಮದುವೆಯಾದವಳಲ್ಲ, ಹಾಗಾಗಿ ಮಗಳೆಂದರೂ ಅವಳೇ. ಓದಿ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದಳು. ಗಂಡ ಬಸವರಾಜ ಅಳ್ನಾವರದಲ್ಲಿ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗಿನ ಮೇಲ್ವಿಚಾರಕ. ಮಳೆಗಾಲದಲ್ಲಿ ಕಾಡಿನ ಕಡೆಯ ಹಳಿಗಳ ಮೇಲೆ ಕಣ್ಣಿಟ್ಟು ಕಾಯಬೇಕು, ಅವನಿಗೆ ರಜೆ ಕಷ್ಟ. ಅದಕ್ಕೇ ಹೋದ ವರ್ಷ ಬೇಸಿಗೆಯ ಕೊನೆಗೆ, ಐದು ತಿಂಗಳು ತುಂಬಿದ ಗೌರಿಯನ್ನು ತಂದು ನನ್ನ ಮನೆಯಲ್ಲಿ ಬಿಟ್ಟು ಹೋದ. ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು.

ಅದು ಅವಳ ಎರಡನೆಯ ಬಸಿರು. ಮೊದಲನೆಯದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ.

ಅದಕ್ಕೆ ಮೂರು ವರ್ಷ ಹಿಂದೆ ಅವಳು ಮೊದಲ ಸಲ ಬಸುರಾದಾಗ, ಗಂಡಾದರೆ ಒಂದು, ಹೆಣ್ಣಾದರೆ ಒಂದು ಅಂತ ಗಂಡ ಹೆಂಡತಿ ಸೇರಿ ಹೆಸರು ಆರಿಸಿಟ್ಟರು. ಹೆಣ್ಣಿನ ಹೆಸರು ಅನ್ವಿತಾ. ಗೌರಿಗೆ ಮನಸ್ಸಿನಲ್ಲಿ ಹೆಣ್ಣೇ ಎಂದಿತ್ತು. ಹುಟ್ಟುವ ಮೊದಲು ಏನನ್ನೂ ಮಾಡಿಡಬಾರದು ಎಂದು ಹಿರಿಯರು ಹೇಳುವುದನ್ನು ನಾನು ಸರ್ವೀಸಿನುದ್ದಕ್ಕೂ ನಕ್ಕು ತಳ್ಳಿಹಾಕಿದವಳು. ಎಲ್ಲವೂ ಮುಂಚೆಯೇ ಸಿದ್ಧವಿರಬೇಕು, ಅದು ನನಗೆ ಕಲಿಸಿದ ಶಿಸ್ತು. ಆಸ್ಪತ್ರೆಯಲ್ಲಿ ವಾರ್ಡಿನ ಪ್ರತಿ ಬಟ್ಟೆಯ ಮೂಲೆಗೂ ಕೆಂಪು ದಾರದಲ್ಲಿ ಗುರುತು ಹೊಲಿಯುತ್ತೇವೆ, ಇಲ್ಲವಾದರೆ ಧೋಬಿಯಿಂದ ಮರಳಿ ಬರುವುದಿಲ್ಲ. ಅದೇ ಅಭ್ಯಾಸದಿಂದ ಆರು ಬಿಳಿ ಅರಿವೆಗಳನ್ನು ಕತ್ತರಿಸಿ, ಅಂಚು ಮಡಿಚಿ, ಮೂಲೆಯಲ್ಲಿ ಕೆಂಪು ದಾರದಿಂದ 'ಅನ್ವಿತಾ' ಎಂದು ಹೊಲಿದಿಟ್ಟೆ. ಏಳನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತು. ಹೆಣ್ಣೇ ಆಗಿತ್ತು.

ಗೌರಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ನಾನು ಆ ದಾರವನ್ನೆಲ್ಲ ಬಿಚ್ಚಿಹಾಕಿದ್ದೆ. ಅರಿವೆಗಳು ಅಡುಗೆಮನೆ ಸೇರಿದವು. ಗೌರಿ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ಸಲ ಬಂದ ದಿನ ಮಾತ್ರ ಚೀಲ ಕೆಳಗಿಡುವ ಮೊದಲೇ ಹೇಳಿದಳು: "ದೊಡ್ಡವ್ವಾ, ಒಂದು ಮಾತು. ಕೂಸಿನ ಹೆಸರಿನ ಸುದ್ದಿ ಈ ಮನ್ಯಾಗ ಯಾರೂ ತಗೀಬಾರದು. ನೀನೂ, ರಝಿಯಾ ಕಾಕೂನೂ."

ತೆಗೆಯಲಿಲ್ಲ. ಆದರೆ ಆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ದಿನ ಬೆಳಗಾದರೆ ನಡೆದದ್ದು ಹೆಸರಿನ ಕೆಲಸವೇ.

ಕಂಪ್ಯೂಟರಿನ ಕೆಲಸದವರಿಗೆ ಬೇಕಾದ ಒಂದು ಸಣ್ಣ ಸಾಧನವನ್ನು ಅವಳು ಬಿಡುವಿನಲ್ಲಿ ತಯಾರಿಸುತ್ತಿದ್ದಳು. ಪರದೆಯ ಮೇಲೆ ಒಂದು ಕರಿ ಚೌಕ ತೆರೆಯುತ್ತದೆ. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. 'ಹೆಸರು' ಎಂಬ ಒಂದು ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಎಂಟರ್ ಒತ್ತಿದರೆ, ಕೆಳಗಿನ ಸಾಲಿನಲ್ಲಿ ಒಂದು ವಿಚಿತ್ರ ಹೆಸರು ಮೂಡುತ್ತದೆ. ಅಷ್ಟೇ.

"ಇದರಿಂದ ಏನ ಉಪಯೋಗವಾ?" ಎಂದು ಕೇಳಿದೆ.

"ನೋಡು ದೊಡ್ಡವ್ವಾ, ನಾವು ಏನರ ಹೊಸಾದು ಚಾಲೂ ಮಾಡಿದ್ವಿ ಅಂದ್ರ ಕಂಪ್ಯೂಟರ್ ಮೊದಲ ಅದರ ಹೆಸರ ಕೇಳತೈತಿ. ಖರೇ ಹೆಸರ ಏನಿಡಬೇಕಂತ ಆಗ ಯಾರಿಗೂ ಗೊತ್ತಿರೂದಿಲ್ಲ. ಎಲ್ಲಾರೂ 'ಟೆಸ್ಟ್ ಒಂದು', 'ಟೆಸ್ಟ್ ಎರಡು', 'ಹೊಸಾದು', 'ಅಗದಿ ಹೊಸಾದು' ಅಂತ ಇಟ್ಟುಬಿಡತಾರ. ನಾಕ ದಿನ ಆದಮ್ಯಾಲ ಯಾವುದು ಯಾವುದಂತ ತಿಳೀದ ಒದ್ದಾಡತಾರ. ಅದಕ್ಕ ಇದು. ನಗು ಬರೂ ಹಂಗ ಒಂದು ಹೆಸರ ಕೊಡತೈತಿ, ಖರೇ ಹೆಸರ ಬರೂ ತನಕಾ. ಒಮ್ಮೆ ಕೊಟ್ಟದ್ದು ಮತ್ತ ಕೊಡೂದಿಲ್ಲ."

"ನಮ್ಮ ವಾರ್ಡಿನ್ಯಾಗ ಕೂಸಿನ ಕೈಗೆ 'ಇಂಥಾಕಿ ಕೂಸು' ಅಂತ ಪಟ್ಟಿ ಕಟ್ಟತಿದ್ವಲ್ಲ, ಹಂಗ?"

ಗೌರಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಹಂಗ," ಎಂದಳು.

ಇಂಥ ಸಾಧನ ಇಂಗ್ಲಿಷಿನಲ್ಲಿ ಬೇಕಾದಷ್ಟು ಇವೆಯಂತೆ. ಅವಳಿಗೆ ನಮ್ಮ ಕಡೆಯ ಮಾತಿನದು ಬೇಕಿತ್ತು. ಗುಣ ಹೇಳುವ ಪದಗಳ ಒಂದು ಯಾದಿ, ವಸ್ತುಗಳ ಒಂದು ಯಾದಿ. ಎರಡರಿಂದ ಒಂದೊಂದನ್ನು ಎತ್ತಿ ಅದು ಜೋಡಿಸುತ್ತದೆ. ಯಾದಿಯ ಕೆಲಸ ನನಗೆ ಬಂತು. ಸ್ಕೇಲಿನಿಂದ ಗೆರೆ ಎಳೆದು, ನಲವತ್ತು ಗುಣ, ನಲವತ್ತು ವಸ್ತು, ಕ್ರಮಸಂಖ್ಯೆ ಹಾಕಿ ಮರುದಿನ ಹತ್ತು ಗಂಟೆಗೆ ಒಪ್ಪಿಸಿದೆ. ಗೌರಿ ಜೋಡಿಸಿ ಓದತೊಡಗಿದಳು: "ಶುಚಿಯಾದ ಬಕೀಟು. ಕುದಿಸಿದ ಕತ್ತರಿ. ಕ್ರಮಬದ್ಧ ಟವೆಲ್ಲು." ಹೊಟ್ಟೆ ಹಿಡಿದುಕೊಂಡು ನಕ್ಕಳು. "ದೊಡ್ಡವ್ವಾ, ಇದು ಹೆಸರಿನ ಯಾದಿ ಅಲ್ಲ, ಸ್ಟೋರ್ ರೂಮಿನ ಯಾದಿ!"

ಬಾಗಿಲಲ್ಲಿ ನಿಂತಿದ್ದ ರಝಿಯಾ ಒಳಗೇ ಬಂದು ಕುಳಿತಳು. "ಸಿಸ್ಟರಬಾಯಿ, ನೀವು ಬಾಜೂಕ ಸರೀರಿ. ನಂದ ಬರಕೋ ಬೇ ಗೌರಿ. ಗೊಣಗುವ. ಮುನಿಸಿಕೊಂಡ. ತೂಕಡಿಸುವ. ಹೇಳದ ಬಂದ. ಕರದರೂ ಬರದ. ಅರ್ಧಾ ಉಂಡ."

"ಕಾಕೂ, ಇವೆಲ್ಲಾ ಎಲ್ಲಿಂದ ತಂದಿ?"

"ಎಲ್ಲಿಂದ ತರಲೆ? ಇಪ್ಪತ್ತೆಂಟು ವರ್ಷದಿಂದ ನನ್ನ ಗಂಡಗ ಏನೇನ ಬೈತೀನಿ, ಅವ ಇವು. ಇನ್ನೂ ಅದಾವ, ಹಾಳಿ ತಿರುವು."

ವಸ್ತುಗಳಿಗೆ ಮೂವರೂ ಅಡುಗೆಮನೆ, ಹಿತ್ತಲು ಸುತ್ತಿದೆವು. ತಂಬಿಗೆ, ಗಿಂಡಿ, ಪುಟ್ಟಿ, ಒನಕೆ, ಚಕ್ಕಡಿ, ಸೌತಿಕಾಯಿ. ದೇವರ ಹೆಸರು ಬೇಡ, ಜಾತಿ ಸೂಚಿಸುವುದು ಬೇಡ, ಯಾರ ಮೈಯ ಊನವನ್ನೂ ಆಡಿಕೊಳ್ಳುವ ಪದ ಬೇಡ ಎಂದು ಗೌರಿ ಒಂದೊಂದನ್ನೂ ಸೋಸಿದಳು. ಅಕ್ಷರಕ್ರಮದಲ್ಲಿ ಜೋಡಿಸುವ ಕೆಲಸ ನನ್ನದೇ ಆಯಿತು. ಕಂಪ್ಯೂಟರಿಗೆ ಆ ಕ್ರಮ ಬೇಕಾಗಿಲ್ಲ ಎಂದು ಗೌರಿ ಹೇಳಿದಳು. ನನಗೆ ಬೇಕಾಗಿತ್ತು.

ಹುಬ್ಬಳ್ಳಿಯ ಆಫೀಸಿನವರಿಗೆ ಅದು ಹಿಡಿಸಿತು. ನಾನು ಚಹಾ ತೆಗೆದುಕೊಂಡು ಹೋದಾಗ ಅವಳು ಕಿವಿಗೆ ಫೋನು ಸಿಕ್ಕಿಸಿಕೊಂಡು, ಮುಖ ಗಂಟಿಕ್ಕಿಕೊಂಡು, "ಹೌದ್ರಿ ಸರ್, ಮುನಿಸಿಕೊಂಡ ಚಕ್ಕಡಿ ಇವತ್ತ ಸಂಜಿಕ ಮುಗೀತೈತ್ರಿ. ಅರ್ಧಾ ಉಂಡ ಪುಟ್ಟಿ ಮಾತ್ರ ನಾಳೀಗೆ ಹೋಗತೈತ್ರಿ," ಎನ್ನುತ್ತಿದ್ದಳು. ಫೋನಿನ ಆ ಕಡೆಯವರೂ ನಗದೆ ಉತ್ತರ ಕೊಡುತ್ತಿದ್ದರು. ಆ ಸಾಧನವನ್ನು ನಡೆಸುವುದನ್ನು ನನಗೂ ಕಲಿಸಿದಳು. ಲ್ಯಾಪ್‌ಟಾಪಿನ ಮುಚ್ಚಳ ತೆಗೆಯುವುದರಿಂದ ಮುಚ್ಚುವವರೆಗೆ ಒಂಬತ್ತು ಹಂತಗಳನ್ನು ನಾನು ಡೈರಿಯ ಕೊನೆಯ ಪುಟದಲ್ಲಿ ಬರೆದುಕೊಂಡೆ.

ಮಿರಗ ಚೆನ್ನಾಗಿ ಹಿಡಿದಿತ್ತು. ಆರಿದ್ರಾ ತುಂತುರು ಹಾಕಿ ಹೋಯಿತು. ಪುಷ್ಯ ಮಳೆ ಬಂದಾಗ ಊರ ಸುತ್ತಲಿನ ಬತ್ತದ ಹೊಲಗಳು ಒಂದೇ ಸಮನೆ ಹಸಿರಾಗಿದ್ದವು. ಹೆಂಗಸರು ಮಳೆಗೆ ತಲೆ ಬೆನ್ನು ಮುಚ್ಚುವ ಗೊಪ್ಪೆ ಹಾಕಿಕೊಂಡು ಕಳೆ ತೆಗೆಯುತ್ತಿದ್ದರು. ಒಗೆದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಅಂಥ ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಗೌರಿ ಕುರ್ಚಿಯಿಂದ ಎದ್ದು, ಅಲ್ಲೇ ನಿಂತು, "ದೊಡ್ಡವ್ವಾ," ಎಂದಳು. ಕಾಲ ಬಳಿ ನೀರು ಇಳಿದಿತ್ತು. ಎಂಟನೆಯ ತಿಂಗಳಿಗೆ ಇನ್ನೂ ಬಿದ್ದಿರಲಿಲ್ಲ.

ನನ್ನ ಕೈಗಳು ತಮ್ಮ ಕೆಲಸವನ್ನು ತಾವೇ ಮಾಡಿದವು. ಅವಳನ್ನು ಎಡಮಗ್ಗುಲಿಗೆ ಮಲಗಿಸಿದೆ, ವೇಳೆ ಬರೆದುಕೊಂಡೆ, ಆಂಬ್ಯುಲೆನ್ಸಿಗೆ ಫೋನು ಮಾಡಿದೆ, ಬಸವರಾಜನಿಗೆ ಹೇಳಿದೆ. ರಝಿಯಾ ಒಂದು ಮಾತೂ ಆಡದೆ ಗೌರಿಯ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅವಳು ಸುಮ್ಮನಿದ್ದದ್ದನ್ನು ಕಂಡು ನನಗೆ ಹೆದರಿಕೆಯಾಯಿತು. ಹುಬ್ಬಳ್ಳಿ ಮುಟ್ಟುವವರೆಗೂ ಮಳೆ ಬಿಡಲಿಲ್ಲ. ಮಧ್ಯಾಹ್ನ ಆಪರೇಷನ್ ಆಯಿತು. ಹೆಣ್ಣು. ಒಂದು ಕಿಲೋ ಮುನ್ನೂರು ಗ್ರಾಂ. ಅತ್ತಿತು, ಆದರೆ ಬೆಕ್ಕಿನ ಮರಿಯಷ್ಟು. ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ಕೈಗೆ ಪಟ್ಟಿ ಕಟ್ಟಿದರು: ಗೌರಿಯ ಕೂಸು. ಎಷ್ಟು ಸಾವಿರ ಸಲ ನಾನೇ ಕಟ್ಟಿದ ಪಟ್ಟಿ ಅದು. ಆ ದಿನ ಅದು ಆ ಮಣಿಕಟ್ಟಿಗೆ ಎರಡು ಸುತ್ತು ಬಂತು.

ಗೌರಿ ಕೂಸನ್ನು ನೋಡಲು ಹೋಗಲಿಲ್ಲ. ಮೊದಲ ದಿನ ನೋವು ಎಂದಳು, ಎರಡನೆಯ ದಿನ ತಲೆಸುತ್ತು ಎಂದಳು. ಎದೆಹಾಲು ಹಿಂಡಿ ಕೊಡುತ್ತಿದ್ದಳು. ಬಸವರಾಜ ಅದನ್ನು ಬಟ್ಟಲಲ್ಲಿ ಹಿಡಿದುಕೊಂಡು ಒಂದು ಹನಿ ಚೆಲ್ಲದಂತೆ ಮೆಟ್ಟಿಲೇರುತ್ತಿದ್ದ. ಇಷ್ಟು ಮುಂಚೆ ಹುಟ್ಟಿದ ಕೂಸಿಗೆ ತಾಯಿಯ ಎದೆಯ ಕಾವು ಔಷಧಿಗಿಂತ ಹೆಚ್ಚು ಎಂದು ನಾನು ನೂರಾರು ತಾಯಂದಿರಿಗೆ ಹೇಳಿದವಳು. ಅಲ್ಲಿಯ ಇನ್‌ಚಾರ್ಜ್ ರೇಣುಕಾ, ನಲವತ್ತರ ಚುರುಕು ಹೆಂಗಸು, ಅದನ್ನೇ ಗೌರಿಗೆ ಹೇಳಿ ಹೋದಳು. ಮೂರನೆಯ ದಿನ ನಾನು ಕೇಳಿದೆ, "ಯಾಕವಾ? ಒಮ್ಮೆ ನೋಡಿ ಬಾ."

"ನೋಡಿದ್ರ ಕರೀತೀನಿ ದೊಡ್ಡವ್ವಾ. ಕರದ್ರ ಹೋಗತೈತಿ. ಹೋದ ಸಲ ದಿನಾ ಹೆಸರ ಹಿಡದು ಮಾತಾಡಸ್ತಿದ್ದೆ."

ಬಟ್ಟೆಬರೆ ತರಲು ಆ ಸಂಜೆಯ ಬಸ್ಸಿಗೆ ಕಲಘಟಗಿಗೆ ಬಂದೆ.

ಮರುದಿನ ಬೆಳಿಗ್ಗೆ ಹೊರಡುವ ಮೊದಲು ಮೇಜು ಒರೆಸುತ್ತಿದ್ದೆ. ಲ್ಯಾಪ್‌ಟಾಪ್ ಗೌರಿ ಬಿಟ್ಟುಹೋದ ಹಾಗೆಯೇ ಇತ್ತು. ಡೈರಿ ತೆಗೆದು, ಒಂಬತ್ತು ಹಂತಗಳನ್ನು ಒಂದೊಂದಾಗಿ ಮಾಡಿ, ಎಂಟರ್ ಒತ್ತಿದೆ. ಮೂಡಿದ್ದನ್ನು ಚೀಟಿಯಲ್ಲಿ ಬರೆದು ನಾಲ್ಕಾಗಿ ಮಡಿಚಿ ರೇನ್‌ಕೋಟಿನ ಜೇಬಿಗೆ ಹಾಕಿದೆ. ಏಳೂ ಹತ್ತರ ಬಸ್ಸು ಹಿಡಿದೆ. ವಾರ್ಡಿಗೆ ಹೋದವಳೇ ಗೌರಿಗೆ ಹೇಳಿದೆ:

"ಕೂಸಿಗೆ ಹೆಸರ ಇಡೂದು ಬ್ಯಾಡ. ಆದ್ರ ಇವತ್ತಿನ ಮಟ್ಟಿಗೆ ಒಂದು ತಂದೀನಿ. ನಿನ್ನ ಕರಿ ಚೌಕದಾಗಿಂದು. ನಾಳೀಗೆ ಇದು ಇರೂದಿಲ್ಲ. ಬ್ಯಾರೆ ಬರತೈತಿ."

"ಏನ ಬಂದೈತಿ?"

"ತೂಕಡಿಸುವ ತಂಬಿಗೆ."

ಗೌರಿ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. ಹೊಲಿಗೆ ಜಗ್ಗಿ ನೋವಾಗಿ ಅತ್ತಳು, ಅಳುತ್ತಲೇ ಮತ್ತೆ ನಕ್ಕಳು. ಬಸವರಾಜ ಗಾಬರಿಯಾಗಿ ಎದ್ದು ನಿಂತ. "ಏನ್ರಿ ದೊಡ್ಡವ್ವಾರ, ಏನಾತ್ರಿ?" ಗೌರಿ ಅವನ ತೋಳು ಹಿಡಿದುಕೊಂಡು ಮಂಚದಿಂದ ಇಳಿದಳು. ಗಾಜಿನ ಪೆಟ್ಟಿಗೆಯ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತಳು. ಕೂಸು ಕಣ್ಣುಮುಚ್ಚಿ ಮಲಗಿತ್ತು. "ಖರೇನ ತೂಕಡಸಾಕತ್ತೈತಿ," ಎಂದಳು.

ಅಂದಿನಿಂದ ಅದು ನನ್ನ ದಿನಚರಿಯಾಯಿತು. ಐದಕ್ಕೆ ಏಳುವುದು, ರೊಟ್ಟಿ, ಮೆಂತ್ಯದ ಪಲ್ಯ, ಏಳಕ್ಕೆ ಹೆಸರು, ಏಳೂ ಹತ್ತಕ್ಕೆ ಬಸ್ಸು. ಹಿಂದಿನ ದಿನವೇ ನಾಲ್ಕು ಹೆಸರು ತೆಗೆದಿಟ್ಟುಕೊಂಡರೆ ಬೆಳಗಿನ ಗಡಿಬಿಡಿ ತಪ್ಪುತ್ತಿತ್ತು. ಗೌರಿ ಒಪ್ಪಲಿಲ್ಲ. ಆ ದಿನದ್ದು ಆ ದಿನ ಬೆಳಿಗ್ಗೆಯೇ ಬರಬೇಕು, ನಾಳೆಯದು ನಾಳೆ. ನಾಳೆಗೆಂದು ಏನನ್ನೂ ತೆಗೆದಿಡದೆ ಬದುಕುವುದು ನನಗೆ ಆ ವಯಸ್ಸಿನಲ್ಲಿ ಹೊಸ ಪಾಠ.

ಒಂದು ದಿನ 'ಹೇಳದೆ ಬಂದ ಸೌತಿಕಾಯಿ'. ಒಂದು ದಿನ 'ಮುನಿಸಿಕೊಂಡ ಒನಕೆ'. ಆರನೆಯ ದಿನ ಗೌರಿ ಕೂಸನ್ನು ಎದೆಗೆ ಹಚ್ಚಿಕೊಂಡು ಮೇಲೆ ಸೀರೆ ಸುತ್ತಿಕೊಂಡು ಎರಡು ತಾಸು ಅಲ್ಲಾಡದೆ ಕುಳಿತಳು. ಆ ದಿನದ ಹೆಸರು 'ಅರ್ಧ ಉಂಡ ಚಕ್ಕಡಿ'. ಮಕ್ಕಳ ವಾರ್ಡಿನ ನರ್ಸುಗಳು ನನ್ನ ದಾರಿ ಕಾಯತೊಡಗಿದರು. "ಇವತ್ತೇನ್ರಿ ಸಿಸ್ಟರ್?" ಎಂದು ಮೆಟ್ಟಿಲಲ್ಲೇ ಕೇಳುತ್ತಿದ್ದರು. ಯಾರೋ ಚೀಟಿಯನ್ನು ಕೂಸಿನ ಪೆಟ್ಟಿಗೆಗೆ ಅಂಟಿಸಿದ್ದರು. ರೇಣುಕಾ ಬಂದು ಕಿತ್ತು ನನ್ನ ಕೈಗೆ ಕೊಟ್ಟಳು.

"ಸಿಟ್ಟಾಗಬ್ಯಾಡ್ರಿ ಸಿಸ್ಟರ್. ದಾಖಲೆದಾಗ ಇಲ್ಲದ್ದು ಪೆಟಗಿ ಮ್ಯಾಲ ಇರಬಾರದು."

"ಸಿಟ್ಟ್ಯಾಕ? ನಾ ಡ್ಯೂಟಿ ಮ್ಯಾಲ ಇದ್ದಿದ್ರ ನೀ ಕೀಳೂಕಿಂತ ಮೊದಲ ಕೀಳತಿದ್ದೆ," ಎಂದೆ. ಅದು ನಿಜ.

ಹೋಗುವಾಗ ಅವಳು ತಿರುಗಿ, "ಅಂದಂಗ ಇವತ್ತಿಂದು ಏನಿತ್ತ್ರಿ? ನಾ ಓದಲಿಲ್ಲ," ಎಂದಳು.

ಆಶ್ಲೇಷ ಮಳೆ ಗಾಳಿ ಕಟ್ಟಿಕೊಂಡು ಬಂತು. ಒಂದು ಮಂಗಳವಾರ ಸಂಜೆ ನಮ್ಮ ಓಣಿಯ ತಿರುವಿನಲ್ಲಿ ಕಂಬ ಉರುಳಿ ಕರೆಂಟು ಹೋಯಿತು. ಬುಧವಾರ ಬೆಳಿಗ್ಗೆ ಏಳಕ್ಕೆ ಲ್ಯಾಪ್‌ಟಾಪ್ ತೆರೆದರೆ ಹೊತ್ತಿಕೊಳ್ಳಲಿಲ್ಲ. ಬ್ಯಾಟರಿ ಮುಗಿದಿತ್ತು. ಚಾರ್ಜಿಗೆ ಹಾಕಿಡುವುದು ಒಂಬತ್ತು ಹಂತಗಳಲ್ಲಿ ಇರಲಿಲ್ಲ. ಹಂತಗಳನ್ನು ಬರೆದುಕೊಂಡವಳು ನಾನೇ. ರಝಿಯಾ ಬಾಗಿಲಲ್ಲಿ ನಿಂತು ನೋಡಿದಳು.

"ಅದಕ್ಕೇನ ಅಷ್ಟ ಚಿಂತಿ ಮಾಡತೀರಿ? ಯಾದಿ ನಿಮ್ಮ ಕೈಯಾಗ ಐತಿ. ಅದರಾಗಿಂದೊಂದು ಇದರಾಗಿಂದೊಂದು ಕೂಡಿಸಿ ಹೇಳಿಬಿಡ್ರಿ. ಯಾರಿಗೆ ತಿಳೀತೈತಿ?"

"ನನಗ ತಿಳೀತೈತಲ್ಲ."

"ಹೌದು, ಅದೊಂದ ನಿಮಗ ಯಾವಾಗಲೂ ಅಡ್ಡ," ಎಂದಳು.

ಹೊಸ ಚೀಟಿಯಿಲ್ಲದೆ ಬಸ್ಸು ಹತ್ತಿದೆ. ನಾನು ಮುಟ್ಟುವಷ್ಟರಲ್ಲಿ ಆಸ್ಪತ್ರೆಯಲ್ಲಿ ಸ್ಥಿತಿ ಬೇರೆಯೇ ಆಗಿತ್ತು. ದಿನ ತುಂಬದ ಕೂಸುಗಳು ನಡುನಡುವೆ ಉಸಿರಾಡುವುದನ್ನೇ ಮರೆಯುತ್ತವೆ. ಬೆಳಗಿನಿಂದ ನಮ್ಮ ಕೂಸು ಐದು ಸಲ ಮರೆತಿತ್ತು. ಸೋಂಕು ಇರಬಹುದು ಎಂದು ಡಾಕ್ಟರು ರಕ್ತ ತೆಗೆದಿದ್ದರು, ಮೂಗಿಗೆ ಗಾಳಿಯ ನಳಿಕೆ ಹಾಕಿದ್ದರು. ನಾಳೆ ಈ ಹೊತ್ತಿನವರೆಗೆ ಏನೂ ಹೇಳಲಾಗದು ಎಂದಿದ್ದರು. ಗೌರಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಬಸವರಾಜ ಅವಳ ಮುಂದೆ ನೆಲದಲ್ಲಿ.

"ಹೆಸರ?" ಎಂದಳು ನನ್ನನ್ನು ಕಂಡ ಕೂಡಲೆ.

"ತರಲಿಲ್ಲ. ಕರೆಂಟ್ ಇಲ್ಲ, ಯಂತ್ರ ಹೊತ್ತಲಿಲ್ಲ. ನಿನ್ನಿದ ಇರಲಿ."

ನಿನ್ನೆಯದು 'ಗೊಣಗುವ ಗಿಂಡಿ'.

"ಎರಡ ದಿನ ಒಂದ ಹೆಸರಾ? ಬ್ಯಾಡ. ಅಂಟಿಕೋತೈತಿ. ನಾ ಒಳಗ ಹೋಗಂಗಿಲ್ಲ ದೊಡ್ಡವ್ವಾ. ಇವತ್ತ ಹೋಗಂಗಿಲ್ಲ."

ಒಳಗೆ ಯಂತ್ರ ಕೂಗಿತು. ಯಾರೋ ಓಡಿದರು. ಕೂಗು ನಿಂತಿತು.

ನಾನು ಅವಳ ಪಕ್ಕ ಕುಳಿತೆ. ಮೂರು ವರ್ಷದಿಂದ ಹೇಳಬೇಕಾದದ್ದನ್ನು ಅಲ್ಲಿ, ಆ ಬೆಂಚಿನ ಮೇಲೆ, ಬೆಳಿಗ್ಗೆ ಒಂಬತ್ತು ಗಂಟೆಗೆ ಹೇಳಿದೆ. "ಹೋದ ಸಲ ಆರು ಅರಿವಿಗೆ ಹೆಸರ ಹೊಲದಿಟ್ಟಾಕಿ ನಾನು. ನಿನಗ ಹೇಳದ ದಾರ ಬಿಚ್ಚಿದಾಕಿನೂ ನಾನು. ನಿನ್ನ ಕೂಡ ಕುಂತು ಅಳಬೇಕಾಗಿತ್ತು, ನಾ ಸ್ವಚ್ಛ ಮಾಡಕೋತ ಕುಂತೆ. ಅದು ನನ್ನ ತಪ್ಪು."

"ನಂಗ ಗೊತ್ತೈತಿ," ಎಂದಳು ಗೌರಿ. "ಬಿಚ್ಚಿದ್ರ ಸೂಜಿ ತೂತ ಹೋಗತಾವೇನು? ರೊಟ್ಟಿ ಬುಟ್ಟಿಗೆ ಹಾಕೂ ಅರಿವಿ ಮ್ಯಾಲ ಬೆರಳಾಡಿಸಿ ಓದೀನಿ. ಎಲ್ಲಾ ಅಕ್ಷರಾನೂ."

ಮಾತು ಅರ್ಧಕ್ಕೆ ಬಿಡುವಂತಿರಲಿಲ್ಲ. "ಹಂಗಾರ ಇದನ್ನೂ ಕೇಳು. ನಿನ್ನ ದೊಡ್ಡವ್ವ ಹೇಳಾಕತ್ತಿಲ್ಲ, ಮೂವತ್ತನಾಕ ವರ್ಷದ ನರ್ಸ್ ಹೇಳಾಕತ್ತಾಳ. ಕೂಸಿಗೆ ರಕ್ತ ಕೊಡೂ ಮಾಸು ಹೊಟ್ಟ್ಯಾಗ ಮೊದಲ ಬಿಟ್ಟಿತ್ತು. ಅದಕ್ಕ ಆ ಕೂಸು ಹೋತು. ನಾ ಕಾಗದ ನೋಡೀನಿ. ಹೆಸರ ಇಟ್ಟಿದ್ದಕ್ಕ ಅಲ್ಲ, ನೀ ಕರದಿದ್ದಕ್ಕ ಅಲ್ಲ. ಹೆಸರಿಟ್ಟ ಕೂಸು ಬದಕ್ಯಾವ, ಹೆಸರಿಲ್ಲದ್ದೂ ಬದಕ್ಯಾವ. ಎರಡೂ ಹೋಗ್ಯಾವ. ನನ್ನ ಕೈಯಾಗ. ಹೆಸರಿಗೆ ಅಷ್ಟ ಬಲ ಇಲ್ಲವಾ."

ಬಸವರಾಜ ತಲೆ ತಗ್ಗಿಸಿಕೊಂಡೇ ಹೇಳಿದ, "ನಾ ದಿನಾ ಅದೇ ಒಂದ ಹೆಸರಿಂದ ಕರಿಯಾಕತ್ತೀನಿ ಗೌರಿ. ನಿನಗ ಹೇಳಿಲ್ಲ. ಹಾಲ ಕೊಡಾಕ ಹೋದಾಗ 'ಅವ್ವಾ' ಅಂತೀನಿ."

ಯಂತ್ರ ಮತ್ತೆ ಕೂಗಿತು. ಈ ಸಲ ಗೌರಿ ಎದ್ದಳು.

ನಾನು ಹಿಂದೆ ನಿಂತು ನೋಡಿದೆ. ರೇಣುಕಾ ಪೆಟ್ಟಿಗೆಯ ಕಿಂಡಿಯೊಳಗೆ ಕೈ ಹಾಕಿ ಕೂಸಿನ ಅಂಗಾಲನ್ನು ಬೆರಳಿಂದ ಚುರುಕಾಗಿ ತಟ್ಟುತ್ತಿದ್ದಳು. ಉಸಿರು ಮರೆತ ಕೂಸಿಗೆ ನೆನಪು ಮಾಡುವ ಕ್ರಮ ಅದು. ಉಸಿರು ಬಂತು. ರೇಣುಕಾ ಪಕ್ಕ ಸರಿದು, "ಇಲ್ಲೆ ಕೈ ಇಡ್ರಿ. ಯಂತ್ರ ಕೂಗೂಕಿಂತ ಮೊದಲ ನಿಮಗ ತಿಳೀತೈತಿ. ಎದಿ ಏಳೂದು ನಿಂತ ಕೂಡಲೆ ತಟ್ಟರಿ," ಎಂದಳು. ಗೌರಿ ಕೈ ತೊಳೆದು ಒಳಗೆ ಹಾಕಿದಳು. ಅವಳ ಹೆಬ್ಬೆರಳಿಗಿಂತ ಚಿಕ್ಕ ಪಾದ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಇಳಿದದ್ದು ಏಳಲಿಲ್ಲ.

ಗೌರಿ ಅಂಗಾಲು ತಟ್ಟಿದಳು. "ಗಿಂಡೀ," ಎಂದಳು. ಮತ್ತೆ ತಟ್ಟಿದಳು. "ಲೇ ಗಿಂಡಿ! ಉಸರ ತಗೋ. ಏ ಗೊಣಗೂ ಗಿಂಡಿ, ನಾ ಇಲ್ಲೇ ಅದೇನಿ, ಉಸರ ತಗೋಳವಾ!"

ಎದೆ ಎದ್ದಿತು.

ಆ ದಿನ ಹದಿನಾಲ್ಕು ಸಲ ಹಾಗಾಯಿತು. ನಾನು ಗೋಡೆಯ ಗಡಿಯಾರ ನೋಡಿ ವೇಳೆ ಬರೆದಿಡುತ್ತಿದ್ದೆ. ನನಗೆ ಗೊತ್ತಿದ್ದದ್ದು ಅದೇ. ಮಧ್ಯಾಹ್ನದ ಮೇಲೆ ಎರಡು ಬರಹಗಳ ನಡುವಿನ ಅಂತರ ಹೆಚ್ಚುತ್ತ ಹೋಯಿತು. ನನ್ನ ಕೊನೆಯ ಬಸ್ಸಿನ ವೇಳೆಯಾದಾಗ ಗೌರಿ ಅಲ್ಲೇ ಸ್ಟೂಲಿನ ಮೇಲಿದ್ದಳು, ಕೈ ಕಿಂಡಿಯೊಳಗೆ.

ಮರುದಿನ ಕರೆಂಟು ಬಂದಿತ್ತು. ಹೊಸ ಹೆಸರು ಬರೆದುಕೊಂಡು ಹೋದೆ. ಕೂಸಿನ ಮೂಗಿನ ನಳಿಕೆ ಇನ್ನೂ ಇತ್ತು, ಆದರೆ ಬೆಳಗಿನಿಂದ ಒಮ್ಮೆ ಮಾತ್ರ ಮರೆತಿತ್ತಂತೆ. ಜೇಬಿಗೆ ಕೈ ಹಾಕಿದ ನನ್ನನ್ನು ಗೌರಿ ತಡೆದಳು.

"ಇರಲಿ ದೊಡ್ಡವ್ವಾ. ಗಿಂಡಿ ಇರಲಿ."

ಮಘಾ ಮಳೆ ಮುಗಿಯುವ ಹೊತ್ತಿಗೆ ಗಿಂಡಿ ಎರಡು ಕಿಲೋ ತೂಗಿ ಮನೆಗೆ ಬಂದಳು. ರಝಿಯಾ ಹಳೆಯ ಮೆತ್ತನೆ ಸೀರೆಯಿಂದ ಕೂಸಿಗೆ ತಲೆಯಿಂದ ಹೊದಿಸುವ ಕುಂಚಗಿ ಹೊಲಿದಿದ್ದಳು; ಅದು ಇನ್ನೊಂದು ಕೂಸಿಗೂ ಜಾಗವಿರುವಷ್ಟು ದೊಡ್ಡದಾಯಿತು. ಮೊದಲ ತಿಂಗಳು ನನ್ನ ದಿನಚರಿ ಗಿಂಡಿಯ ಕೈಗೆ ಹೋಯಿತು. ನಾನು ಕಾಗದದಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ, ಅವಳು ಒಂದು ದಿನವೂ ಪಾಲಿಸಲಿಲ್ಲ.

ಖರೇ ಹೆಸರು ಇಡುವ ಮಾತನ್ನು ನಾನು ಎತ್ತಲಿಲ್ಲ. ಗೌರಿ ಆಫೀಸಿನ ಕೆಲಸ ಶುರುಮಾಡಿದಳು. ಅಲ್ಲಿ ಎಷ್ಟೋ ಕೆಲಸಗಳು ಮುಗಿದು ತಮ್ಮ ನಿಜದ ಹೆಸರು ಪಡೆದು ಹೋದವು; ಮುನಿಸಿಕೊಂಡ ಚಕ್ಕಡಿ ಈಗ ಯಾವುದೋ ಗಂಭೀರ ಹೆಸರಿನಲ್ಲಿ ಅಣ್ಣಿಗೇರಿಯ ಕಾಳಿನ ವ್ಯಾಪಾರಿಗಳಲ್ಲಿ ಕೆಲಸ ಮಾಡುತ್ತಿದೆಯಂತೆ. ಮನೆಯಲ್ಲಿ ಮಾತ್ರ ಗಿಂಡಿ ಗಿಂಡಿಯೇ. ಮೂರು ತಿಂಗಳಾಯಿತು, ನಾಲ್ಕಾಯಿತು. ಒಂದು ಭಾನುವಾರ ಗಂಡ ಹೆಂಡತಿ ಹಿತ್ತಲಲ್ಲಿ ಬಹಳ ಹೊತ್ತು ಕುಳಿತು ಮಾತಾಡಿದರು. ಒಳಗೆ ಬಂದು ಬಸವರಾಜ ಹೇಳಿದ, "ಎಳ್ಳ ಅಮಾಸಿ ಮುಗದ ಮ್ಯಾಲ ತೊಟ್ಟಿಲದಾಗ ಹಾಕೂಣ್ರಿ ದೊಡ್ಡವ್ವಾರ." ಹೆಸರು ಏನು ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಆ ದಿನ ಹದವಾದ ಬಿಸಿಲಿತ್ತು. ಓಣಿಯಲ್ಲಿ ಮನೆಯಿಂದ ಮನೆಗೆ ಹೋಗುವ ಬಣ್ಣದ ತೊಟ್ಟಿಲು ಆ ವಾರ ನಮ್ಮ ಪಡಸಾಲೆಗೆ ಬಂದಿತ್ತು. ಹೆಂಗಸರು ತುಂಬಿದ್ದರು, ಗುಗ್ಗರಿಯ ಪಾತ್ರೆ ಕಾಯುತ್ತಿತ್ತು. ಹೆಸರು ಹೇಳಬೇಕಾದವಳು ಸೋದರತ್ತೆ, ಎಂದರೆ ಬಸವರಾಜನ ತಂಗಿ ಲಲಿತಾ. ಅಣ್ಣ ಅವಳ ಕಿವಿಯಲ್ಲಿ ಹೇಳಿದ. ಅವಳು ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ "ಕುರ್ರ್" ಎಂದದ್ದೇ ತಡ, ಸುತ್ತಲಿನ ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದತೊಡಗಿದರು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ರಝಿಯಾ. "ಯವ್ವಾ, ಬೆನ್ನ ಮುರದ್ರಿ! ತುಂಗಾ ಅಂತ, ತುಂಗಾ! ಕೇಳಿದ್ರಿಲ್ಲೋ, ಬಿಡ್ರಿ ಇನ್ನ!" ಎಂದು ಲಲಿತಾ ಚೀರಿದಳು.

ನಗು ಅಡಗಿತು. ಈಗ ತಾಯಿ ಕರೆಯಬೇಕು. ಎಲ್ಲರೂ ಗೌರಿಯ ಕಡೆ ತಿರುಗಿದರು. ಅವಳು ಕಂಬಕ್ಕೆ ಒರಗಿ ದೂರ ನಿಂತಿದ್ದಳು. ಆ ಹೆಸರು ಅವಳ ಬಾಯಿಂದ ಒಮ್ಮೆಯೂ ಹೊರಬಿದ್ದಿರಲಿಲ್ಲ ಎಂದು ನನಗೆ ಅವಳು ನಿಂತ ರೀತಿ ನೋಡಿದಾಗ ತಿಳಿಯಿತು. ಬಸವರಾಜನಿಗೂ ತಿಳಿದಿತ್ತು, ಅವನು ನೆಲ ನೋಡುತ್ತಿದ್ದ. ಲಲಿತಾ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಒತ್ತಿ ಸುಮ್ಮನಿರಿಸಿದೆ.

"ತುಂಗಾ," ಎಂದಳು ಗೌರಿ.

ಕೂಸು ತಿರುಗಲಿಲ್ಲ. ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ತರುವ ಕೆಲಸದಲ್ಲಿತ್ತು.

"ತುಂಗಾ." ಒಂದು ಹೆಜ್ಜೆ ಮುಂದೆ ಬಂದಳು. "ಏ ತುಂಗಾ." ಮತ್ತೊಂದು ಹೆಜ್ಜೆ. "ತುಂಗವ್ವಾ! ತುಂಗೀ! ಲೇ ತುಂಗಾ, ಇಲ್ಲಿ ನೋಡಬೇ!" ತೊಟ್ಟಿಲಿನ ಹಗ್ಗ ಹಿಡಿದು ನಿಂತಳು. ಕೂಸು ಕಾಲು ಬಿಟ್ಟು, ದನಿ ಬಂದ ಕಡೆ ಮುಖ ತಿರುಗಿಸಿ, ಹಲ್ಲಿಲ್ಲದ ಬಾಯಿ ಅಗಲಿಸಿತು. ಗೌರಿ ನಿಲ್ಲಿಸಲಿಲ್ಲ. ಗಟ್ಟಿಯಾಗಿ, ಮೆಲ್ಲಗೆ, ಉದ್ದಕ್ಕೆ ಎಳೆದು, ಮೊಟಕು ಮಾಡಿ, ಎಷ್ಟು ರೀತಿಯಲ್ಲಿ ಕರೆಯಲು ಬರುತ್ತದೋ ಅಷ್ಟೂ ರೀತಿಯಲ್ಲಿ ಕರೆದಳು.

ರಝಿಯಾ ಸೆರಗಿನಿಂದ ಮೂಗು ಒರೆಸಿಕೊಂಡು ಗದರಿದಳು, "ಸಾಕ ಮಾಡ ಬೇ ಗೌರಿ, ಇವತ್ತ ಇಟ್ಟ ಹೆಸರ ಇವತ್ತ ಸವೆಸಿಬಿಡ್ತೀಯೇನು? ಗುಗ್ಗರಿ ಆರಾಕತ್ತೈತಿ."

ಗೌರಿ ಮತ್ತೊಮ್ಮೆ ಕರೆದಳು.